ಗುಂಡಿಯೊಳಗಿನ ಡಿಸೆಂಬರ್

ನಮ್ಮಂಥ ಐಟಿ ಮಂದಿಗೆ ಡಿಸೆಂಬರ್ ಅಂದ್ರೆ ವರ್ಷದ ಸೋಮಾರಿ ತಿಂಗಳು. ಕ್ಲೈಂಟ್ ಕಡೆಯವರು ಇಪ್ಪತ್ತನೇ ತಾರೀಕಿಗೆಲ್ಲಾ ಮನೆ ಸೇರಿರ್ತಾರೆ, ಪ್ರೊಡಕ್ಷನ್‌ನಲ್ಲಿ ಏನನ್ನೂ ಮುಟ್ಟೋ ಹಾಗಿಲ್ಲ, ಉಳಿದ ರಜೆ ಲ್ಯಾಪ್ಸ್ ಆಗುತ್ತಲ್ಲ ಅಂತ ಅರ್ಧ ಆಫೀಸು ಗೋಕರ್ಣದಲ್ಲೋ ಚಿಕ್ಕಮಗಳೂರಿನಲ್ಲೋ ಇರುತ್ತೆ. ಆದರೆ ಅಮೆರಿಕದಲ್ಲಿ ಇದೇ ತಿಂಗಳು ಊಟಕ್ಕೂ ಪುರುಸೊತ್ತಿಲ್ಲದ ಒಂದು ವರ್ಗ ಇದೆ. ಪಿಟೀಲು ನುಡಿಸೋರು. ಮಧ್ಯಾಹ್ನ ಒಂದು ಶೋ, ರಾತ್ರಿ ಒಂದು ಶೋ, ಮಾರನೇ ದಿನ ಮತ್ತೆ ಅದೇ. ನುಡಿಸೋದೂ ಅದೇ ಒಂದು ಕೃತಿ: ಚೈಕೋವ್‌ಸ್ಕಿಯ ‘ನಟ್‌ಕ್ರ್ಯಾಕರ್’ ಬ್ಯಾಲೆ.

ನಮ್ಮ ಟೀಮಿನಲ್ಲೇ ಅಂಥವರೊಬ್ಬರಿದ್ದರು. ಅಮೆರಿಕದ ಕಡೆಯ ಡೇಟಾಬೇಸ್ ಅಡ್ಮಿನ್, ಐವತ್ತು ದಾಟಿದ ಮನುಷ್ಯ. ವರ್ಷವಿಡೀ ರಾತ್ರಿ ಎರಡು ಗಂಟೆಗೆ ಪೇಜರ್ ಹೊಡ್ಕೊಂಡರೂ ಏಳೋರು, ಡಿಸೆಂಬರಿನ ವಾರಾಂತ್ಯ ಮಾತ್ರ ಸಿಗ್ತಾ ಇರಲಿಲ್ಲ. ತಮ್ಮೂರಿನ ಬ್ಯಾಲೆ ಆರ್ಕೆಸ್ಟ್ರಾದಲ್ಲಿ ಎರಡನೇ ಪಿಟೀಲಿನ ಸಾಲಿನಲ್ಲಿ ಕೂತಿರೋರು. ನಾನು ಈ ವಿಷಯದ ಬೆನ್ನು ಹತ್ತಿದ್ದು ಅವರಿಂದ. ಎಲ್ಲಕ್ಕಿಂತ ಮೊದಲು ನನಗೆ ಬಂದ ಪ್ರಶ್ನೆ ನಿಮಗೂ ಬಂದಿರಬಹುದು. ಅದೇ ಸಂಗೀತ, ಅದೇ ಕ್ರಮ, ಅದೇ ಎರಡು ಗಂಟೆ. ಒಂದು ಒಳ್ಳೆ ರೆಕಾರ್ಡಿಂಗ್, ನಾಲ್ಕು ಒಳ್ಳೆ ಸ್ಪೀಕರ್ ಇದ್ರೆ ಸಾಕಲ್ವಾ? ಇಷ್ಟು ಜನರನ್ನ ವೇದಿಕೆ ಮುಂದಿನ ಕತ್ತಲ ಗುಂಡಿಯಲ್ಲಿ ಕೂರಿಸಿ ಸಂಬಳ ಕೊಡೋದು ಯಾಕೆ?

ಈ ಪ್ರಶ್ನೆಗೆ ಸುಮಾರು ನೂರು ವರ್ಷದ ಇತಿಹಾಸ ಇದೆ. ಬ್ಯಾಲೆಗೆ ಅದಕ್ಕಿಂತ ಸ್ವಲ್ಪ ಜಾಸ್ತಿ.

ಶುರುವಾಗಿದ್ದು ರಷ್ಯಾದಲ್ಲಿ. ಸೇಂಟ್ ಪೀಟರ್ಸ್‌ಬರ್ಗಿನ ಸಾಮ್ರಾಟರ ರಂಗಮಂದಿರಗಳಿಗೆ ಆಗ ವ್ಸೆವೊಲೊಜ್‌ಸ್ಕಿ ಅಂತ ಒಬ್ಬ ನಿರ್ದೇಶಕ. 1890ರಲ್ಲಿ ಚೈಕೋವ್‌ಸ್ಕಿ ಬರೆದ ‘ಸ್ಲೀಪಿಂಗ್ ಬ್ಯೂಟಿ’ ಗೆದ್ದಿತ್ತು. ಗೆದ್ದ ಜೋಡಿಯನ್ನ ಯಾರು ಬಿಡ್ತಾರೆ? ಒಂದೇ ರಾತ್ರಿಗೆ ಒಂದು ಚಿಕ್ಕ ಒಪೆರಾ, ಒಂದು ಬ್ಯಾಲೆ ಎರಡೂ ಬೇಕು ಅಂದ. ಬ್ಯಾಲೆಗೆ ಆರಿಸಿದ ಕತೆ ಜರ್ಮನಿಯ ಹಾಫ್‌ಮನ್ 1816ರಲ್ಲಿ ಬರೆದದ್ದು. ಅದನ್ನ ಫ್ರಾನ್ಸಿನ ಡ್ಯೂಮಾ ಸ್ವಲ್ಪ ಸಿಹಿ ಮಾಡಿ ಬರೆದಿದ್ದ, ಇವರು ತಗೊಂಡಿದ್ದು ಆ ಸಿಹಿ ಪ್ರತಿಯನ್ನ. ಕ್ರಿಸ್‌ಮಸ್ ಹಿಂದಿನ ರಾತ್ರಿ ಒಂದು ಹುಡುಗಿಗೆ ಅಡಿಕೆ ಕತ್ತರಿಯ ಥರದ್ದೊಂದು ಗೊಂಬೆ ಸಿಗುತ್ತೆ. ಅಡಿಕೆ ಬದಲು ವಾಲ್‌ನಟ್ ಒಡೆಯೋದು ಅಷ್ಟೆ. ರಾತ್ರಿ ಅದು ಜೀವ ತಳೆದು ಇಲಿಗಳ ಜೊತೆ ಯುದ್ಧ ಮಾಡುತ್ತೆ, ಹುಡುಗಿಯನ್ನ ಮಿಠಾಯಿಗಳ ರಾಜ್ಯಕ್ಕೆ ಕರ್ಕೊಂಡು ಹೋಗುತ್ತೆ. ಎರಡನೇ ಅಂಕದಲ್ಲಿ ಕತೆಯೇ ಇಲ್ಲ, ಬರೀ ನಾಟ್ಯ. ಇದು ನನ್ನ ದೂರಲ್ಲ, ಚೈಕೋವ್‌ಸ್ಕಿಗೇ ಈ ಕತೆ ಅಷ್ಟಾಗಿ ಹಿಡಿಸಿರಲಿಲ್ಲ.

ಆದರೂ ಒಪ್ಪಿಕೊಂಡ. ನೃತ್ಯ ಸಂಯೋಜಕ ಮಾರಿಯಸ್ ಪೆಟಿಪಾ ಅವನ ಕೈಗೆ ಕೊಟ್ಟ ಪಟ್ಟಿ ನೋಡಿದ್ರೆ ನಮ್ಮ ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್‌ಗಳು ಎಷ್ಟೋ ವಾಸಿ ಅನ್ನಿಸುತ್ತೆ. ಇಲ್ಲಿ ಇಷ್ಟು ಬಾರ್‌ಗಳ ಸಂಗೀತ, ಅಲ್ಲಿ ಇಂಥ ಲಯ, ಇಷ್ಟಾದ ಮೇಲೆ ನಿಲ್ಲಿಸು. ಕ್ರಿಸ್‌ಮಸ್ ಮರ ದೊಡ್ಡದಾಗಿ ಬೆಳೆಯೋಕೆ 48 ಬಾರ್, ಸದ್ದು ಏರ್ತಾ ಏರ್ತಾ ಹೋಗಬೇಕು. ಮಿಠಾಯಿ ರಾಣಿಯ ನಾಟ್ಯಕ್ಕೆ ಕಾರಂಜಿಯಿಂದ ಹನಿ ಬೀಳೋ ಸದ್ದು ಕೇಳಬೇಕು. ಇಷ್ಟು ಬಿಗಿಯಾದ ಚೌಕಟ್ಟಿನೊಳಗೆ ಸೃಜನಶೀಲತೆ ಹೇಗೆ ಅಂತ ಕೇಳೋರು ಒಮ್ಮೆ ಆ 48 ಬಾರ್‌ಗಳನ್ನ ಕೇಳಬೇಕು. ಪಿಟೀಲುಗಳು ಒಂದೇ ತುಣುಕನ್ನ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತವೆ. ಇನ್ನು ಮುಗೀತು ಅನ್ನೋವಾಗ ಇನ್ನೊಂದು ಮೆಟ್ಟಿಲು.

ಬರೆಯುವ ಹೊತ್ತಿಗೆ ಚೈಕೋವ್‌ಸ್ಕಿಯ ಮನಸ್ಸು ನೆಟ್ಟಗಿರಲಿಲ್ಲ. 1891ರ ವಸಂತದಲ್ಲಿ ನ್ಯೂಯಾರ್ಕಿನ ಹೊಸ ಸಭಾಂಗಣವೊಂದರ ಉದ್ಘಾಟನೆಗೆ ಅವನಿಗೆ ಕರೆ ಬಂದಿತ್ತು (ಇವತ್ತಿನ ಕಾರ್ನೆಗಿ ಹಾಲ್ ಅದು). ಹೊರಡುವ ದಾರಿಯಲ್ಲಿ ಫ್ರಾನ್ಸಿನಲ್ಲಿದ್ದಾಗ ಕೆಲಸ ಸಾಗ್ತಿಲ್ಲ, ಮುಂದಿನ ವರ್ಷಕ್ಕೆ ಹಾಕಿ ಅಂತ ವ್ಸೆವೊಲೊಜ್‌ಸ್ಕಿಗೆ ಪತ್ರ ಬರೆದ. ಅದಾದ ಸ್ವಲ್ಪ ದಿನಕ್ಕೇ ತಂಗಿ ಸಾಶಾ ತೀರಿಕೊಂಡ ಸುದ್ದಿ ಅವನಿಗೆ ಪತ್ರಿಕೆಯಿಂದ ಗೊತ್ತಾಯಿತು. ಅದೇ ಸ್ಥಿತಿಯಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದ. ಎರಡನೇ ಅಂಕದಲ್ಲಿ ರಾಜಕುಮಾರ, ಮಿಠಾಯಿ ರಾಣಿ ಜೋಡಿಯಾಗಿ ಕುಣಿಯೋ ಕಡೆ ಒಂದು ನಿಧಾನದ ರಾಗ ಇದೆ. ರಾಗ ಅಂದ್ರೆ ಏನಿಲ್ಲ, ಒಂದು ಸ್ಕೇಲ್ ಮೇಲಿನಿಂದ ಕೆಳಕ್ಕೆ ಇಳಿಯೋದು, ಅಷ್ಟೇ. ನಮ್ಮಲ್ಲಿ ಸಂಗೀತ ಪಾಠದ ಮೊದಲ ದಿನ ಮಕ್ಕಳು ಹೇಳೋ ಅವರೋಹಣ ಇದ್ದಂಗೆ. ಸೆಲ್ಲೊಗಳು ಅದನ್ನ ಎತ್ತಿಕೊಂಡಾಗ ಮಕ್ಕಳ ಮಿಠಾಯಿ ಕತೆಯ ನಡುವೆ ಇಷ್ಟು ದುಃಖ ಎಲ್ಲಿಂದ ಬಂತು ಅಂತ ಗಂಟಲು ಕಟ್ಟುತ್ತೆ. ಅದು ತಂಗಿಗಾಗಿ ಬರೆದದ್ದು ಅಂತ ವಾದಿಸೋ ವಿದ್ವಾಂಸರಿದ್ದಾರೆ. ಸಾಬೀತು ಮಾಡೋದು ಕಷ್ಟ, ಅಲ್ಲಗಳೆಯೋಕೆ ನನಗಂತೂ ಮನಸ್ಸಿಲ್ಲ.

ಕಾರಂಜಿಯ ಹನಿಗೆ ಅವನಿಗೆ ಪ್ಯಾರಿಸ್ಸಿನಲ್ಲಿ ಉತ್ತರ ಸಿಕ್ಕಿತು. ಮುಸ್ತೆಲ್ ಮನೆತನದವರು ಕೆಲವೇ ವರ್ಷ ಹಿಂದೆ ಮಾಡಿದ್ದ ಸೆಲೆಸ್ಟಾ ಅನ್ನೋ ವಾದ್ಯ. ನೋಡೋಕೆ ಪುಟ್ಟ ಪಿಯಾನೊ ಥರ, ಒಳಗೆ ತಂತಿ ಬದಲು ಉಕ್ಕಿನ ಪಟ್ಟಿಗಳು. ಅದನ್ನ ತರಿಸು, ಆದರೆ ಯಾರಿಗೂ ಹೇಳಬೇಡ ಅಂತ ತನ್ನ ಪ್ರಕಾಶಕ ಯುರ್ಗೆನ್‌ಸನ್‌ಗೆ ಬರೆದ. ರಿಮ್‌ಸ್ಕಿ-ಕೋರ್ಸಕೋವ್, ಗ್ಲಾಜುನೋವ್ ಕಿವಿಗೆ ಬಿದ್ದರೆ ತನಗಿಂತ ಮೊದಲೇ ಬಳಸಿಬಿಡ್ತಾರೆ ಅನ್ನೋ ಭಯ. ಸ್ಟಾರ್ಟಪ್ ಮಂದಿಗೆ ಈ ಸಂಕಟ ಅರ್ಥವಾಗುತ್ತೆ. ಮಿಠಾಯಿ ರಾಣಿಯ ಆ ಟಿಣ್‌ಟಿಣ್ ಸದ್ದನ್ನ ನೀವು ಯಾವುದೋ ಜಾಹೀರಾತಿನಲ್ಲೋ, ಡಿಸ್ನಿಯ 1940ರ ‘ಫ್ಯಾಂಟೇಸಿಯಾ’ದಲ್ಲೋ ಖಂಡಿತ ಕೇಳಿರ್ತೀರಿ.

1892ರ ಡಿಸೆಂಬರ್ 18ರಂದು ಮಾರಿಯಿನ್‌ಸ್ಕಿ ರಂಗಮಂದಿರದಲ್ಲಿ ಮೊದಲ ಪ್ರದರ್ಶನ. ಪೆಟಿಪಾ ಕಾಯಿಲೆ ಬಿದ್ದಿದ್ದರಿಂದ ನಾಟ್ಯ ಕೂಡಿಸಿದ್ದು ಅವನ ಸಹಾಯಕ ಲೆವ್ ಇವಾನೊವ್, ಆರ್ಕೆಸ್ಟ್ರಾ ನಡೆಸಿದ್ದು ಇಟಲಿಯ ರಿಕಾರ್ಡೊ ಡ್ರಿಗೊ. ವಿಮರ್ಶಕರು ಒಪ್ಪಲಿಲ್ಲ. ವೇದಿಕೆ ತುಂಬ ಮಕ್ಕಳೇ, ಮುಖ್ಯ ನರ್ತಕಿ ಬರುವ ಹೊತ್ತಿಗೆ ರಾತ್ರಿ ಅರ್ಧ ಆಗಿರುತ್ತೆ, ಇದೆಂಥ ಬ್ಯಾಲೆ ಅಂದರು. ವಿಚಿತ್ರ ಅಂದ್ರೆ ಸಂಗೀತ ಮಾತ್ರ ಆಗಲೇ ಗೆದ್ದಿತ್ತು. ಬ್ಯಾಲೆಯಿಂದ ಕೆಲವು ತುಣುಕು ಆರಿಸಿ ಕಟ್ಟಿದ ‘ಸ್ವೀಟ್’ ಒಂದನ್ನ ಅದೇ ವರ್ಷದ ಮಾರ್ಚಿನಲ್ಲಿ ಚೈಕೋವ್‌ಸ್ಕಿ ತಾನೇ ನಿಂತು ಕಛೇರಿಯಲ್ಲಿ ನುಡಿಸಿದ್ದ, ಜನ ಮೆಚ್ಚಿದ್ದರು. ಆಡಿಯೊ ಹಿಟ್, ಪಿಕ್ಚರ್ ಸುಮಾರು ಅಂತಾರಲ್ಲ, ಹಾಗೆ. ಮುಂದಿನ ವರ್ಷ ಅವನು ತೀರಿಕೊಂಡ. ಈ ಬ್ಯಾಲೆ ಲೋಕದ ತುಂಬ ಕುಣಿಯೋದನ್ನ ಅವನು ನೋಡಲಿಲ್ಲ.

ಅಲ್ಲಿಂದ ಇದು ಕ್ರಿಸ್‌ಮಸ್ ಸಂಪ್ರದಾಯ ಆಗೋಕೆ ಅರ್ಧ ಶತಮಾನ ಹಿಡಿಯಿತು, ಆಗಿದ್ದು ರಷ್ಯಾದಲ್ಲೂ ಅಲ್ಲ. ಕ್ರಾಂತಿಯ ನಂತರ ದೇಶ ಬಿಟ್ಟ ನಿಕೋಲಾಯ್ ಸೆರ್ಗೇಯೆವ್ ಅನ್ನೋನು ಮಾರಿಯಿನ್‌ಸ್ಕಿಯ ನಾಟ್ಯಗಳನ್ನ ಸಂಕೇತ ಲಿಪಿಯಲ್ಲಿ ಬರೆದಿಟ್ಟ ಕಟ್ಟುಗಳನ್ನ ಜೊತೆಗೆ ಹೊತ್ತು ತಂದ. ಅದರ ಆಧಾರದ ಮೇಲೆ 1934ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನ ಆಯಿತು. ಅಮೆರಿಕದಲ್ಲಿ ಮೊದಲ ಬಾರಿಗೆ ಪೂರ್ತಿ ಬ್ಯಾಲೆ ಆಗಿದ್ದು 1944ರ ಡಿಸೆಂಬರ್ 24ರಂದು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. ಯುದ್ಧದ ಕಾಲ, ಬಟ್ಟೆಗೂ ಬರ. ವಿಲ್ಲಮ್ ಕ್ರಿಸ್ಟೆನ್ಸನ್ ತಂಡ ರಂಗಮಂದಿರವೊಂದರ ಹಳೇ ಪರದೆಯ ವೆಲ್ವೆಟ್ ಕತ್ತರಿಸಿ ವೇಷ ಹೊಲಿಸಿತು. ಕ್ರಿಸ್ಟೆನ್ಸನ್ ಪೂರ್ತಿ ಬ್ಯಾಲೆಯನ್ನ ಯಾವತ್ತೂ ಕಂಡವನಲ್ಲ. ಊರಿಗೆ ಬಂದಿದ್ದ ಇಬ್ಬರು ರಷ್ಯನ್ ಕಲಾವಿದರನ್ನ ಕೂರಿಸಿಕೊಂಡು ನೆನಪಿದ್ದಷ್ಟು ಹೇಳಿ ಅಂತ ಕೇಳಿ ಬರೆದುಕೊಂಡ.

ಆ ಇಬ್ಬರಲ್ಲಿ ಒಬ್ಬ ಜಾರ್ಜ್ ಬ್ಯಾಲನ್‌ಶೀನ್. ಪೀಟರ್ಸ್‌ಬರ್ಗಿನಲ್ಲಿ ಹುಟ್ಟಿ ಬೆಳೆದವನು, ಬಾಲಕನಾಗಿ ಅದೇ ಮಾರಿಯಿನ್‌ಸ್ಕಿಯಲ್ಲಿ ಈ ಬ್ಯಾಲೆಯ ಚಿಲ್ಲರೆ ಪಾತ್ರಗಳಿಂದ ರಾಜಕುಮಾರನವರೆಗೆ ಕುಣಿದವನು. ಹತ್ತು ವರ್ಷದ ಮೇಲೆ, 1954ರ ಫೆಬ್ರವರಿ 2ರಂದು, ತನ್ನ ನ್ಯೂಯಾರ್ಕ್ ಸಿಟಿ ಬ್ಯಾಲೆ ತಂಡಕ್ಕೆ ತಾನೇ ಇದನ್ನ ಕಟ್ಟಿದ. ಫೆಬ್ರವರಿಯಲ್ಲಿ ಕ್ರಿಸ್‌ಮಸ್ ಬ್ಯಾಲೆ! ದುಡ್ಡು ಕೊಡೋರು ಮರದ ಖರ್ಚು ನೋಡಿ ಮರ ಇಲ್ಲದೆ ಮಾಡೋಕಾಗಲ್ವಾ ಅಂದಾಗ, ಈ ಬ್ಯಾಲೆ ಅಂದ್ರೆ ಆ ಮರವೇ ಅನ್ನೋ ಅರ್ಥದ ಮಾತು ಹೇಳಿದ ಅನ್ನೋದು ಎಲ್ಲರೂ ಹೇಳೋ ಕತೆ. 1957, 58ರಲ್ಲಿ ಸಿಬಿಎಸ್ ಇದನ್ನ ಟೀವಿಯಲ್ಲಿ ತೋರಿಸಿತು. ಅಲ್ಲಿಂದ ಊರೂರಿಗೆ ಹಬ್ಬಿತು. ಊರಿಗೊಂದು ಬ್ಯಾಲೆ ಶಾಲೆ, ಶಾಲೆಗೊಂದು ನಟ್‌ಕ್ರ್ಯಾಕರ್, ಮಕ್ಕಳು ಕುಣಿಯೋದು ನೋಡೋಕೆ ಬರೋ ಅಜ್ಜಿ ತಾತಂದಿರು. 1892ರ ವಿಮರ್ಶಕರು ಯಾವುದನ್ನ ತಪ್ಪು ಅಂದಿದ್ದರೋ, ವೇದಿಕೆ ತುಂಬ ಮಕ್ಕಳು ಅಂತ, ಇಲ್ಲಿ ಟಿಕೆಟ್ ಮಾರಿದ್ದೇ ಅದು. ಇವತ್ತು ಅಮೆರಿಕದ ದೊಡ್ಡ ಬ್ಯಾಲೆ ತಂಡಗಳ ವರ್ಷದ ಟಿಕೆಟ್ ಆದಾಯದಲ್ಲಿ ಶೇ. 40ರ ಆಸುಪಾಸು ಈ ಒಂದೇ ಕೃತಿಯಿಂದ ಬರುತ್ತೆ. ಉಳಿದ ಹನ್ನೊಂದು ತಿಂಗಳ ಪ್ರಯೋಗಗಳನ್ನೆಲ್ಲ ಸಾಕೋದು ಡಿಸೆಂಬರ್.

ಪಿಟೀಲಿನವರನ್ನ ಸಾಕೋದೂ ಅದೇ. ದೊಡ್ಡ ತಂಡಗಳಿಗೆ ಕಾಯಂ ಆರ್ಕೆಸ್ಟ್ರಾ ಇರುತ್ತೆ. ಸಣ್ಣ ಊರುಗಳಲ್ಲಿ ಹಾಗಿಲ್ಲ. ಅಕ್ಟೋಬರಿನಲ್ಲಿ ಕಾಂಟ್ರಾಕ್ಟರ್ ಒಬ್ಬ ಫೋನ್ ಹಚ್ಚಿ ಪಾಠ ಹೇಳೋರು, ಮದುವೆಗೆ ನುಡಿಸೋರು, ನಮ್ಮ ಅಡ್ಮಿನ್ ಸಾಹೇಬರಂಥ ಹವ್ಯಾಸಿಗಳು, ಎಲ್ಲರನ್ನೂ ಸೇರಿಸ್ತಾನೆ. ಲೆಕ್ಕ ತಿಂಗಳಿಗಲ್ಲ, ಕೂತಷ್ಟು ಸಲಕ್ಕೆ. ಒಂದು ರಿಹರ್ಸಲ್ ಒಂದು ಲೆಕ್ಕ, ಒಂದು ಶೋ ಒಂದು ಲೆಕ್ಕ. ಸುಗ್ಗಿಯಲ್ಲಿ ಕೂಲಿಗೆ ಹೋಗೋ ಹಾಗೆ ಅಂದ್ರೆ ನಮ್ಮೂರ ಕಡೆಯವರಿಗೆ ಥಟ್ಟನೆ ಅರ್ಥವಾಗುತ್ತೆ. ಜನವರಿ ಅವರಿಗೆ ಬೇಸಿಗೆ.

ಒಳಗಿನ ಬದುಕು ಹೇಗಿರುತ್ತೆ? ವೇದಿಕೆಯ ಮುಂದೆ, ಪ್ರೇಕ್ಷಕರ ಕಾಲಿನ ಮಟ್ಟಕ್ಕಿಂತ ಕೆಳಗೆ ತೋಡಿದ ಜಾಗ ಅದು, ಪಿಟ್ ಅಂತಲೇ ಹೆಸರು. ಸ್ಟ್ಯಾಂಡಿಗೊಂದು ಪುಟ್ಟ ದೀಪ. ಇಬ್ಬರು ಪಿಟೀಲಿನವರಿಗೆ ಒಂದು ಸ್ಟ್ಯಾಂಡು, ಹೊರಗಡೆ ಕೂತವರು ನುಡಿಸ್ತಾ ಇದ್ದರೆ ಒಳಗಡೆಯವರು ಹಾಳೆ ತಿರುಗಿಸಬೇಕು. ಬಿಲ್ಲು ಎತ್ತಿದರೆ ಪಕ್ಕದವರ ಮೊಣಕೈ. ಹೆಚ್ಚಿನವರಿಗೆ ವೇದಿಕೆ ಕಾಣೋದೇ ಇಲ್ಲ. ಇಪ್ಪತ್ತು ವರ್ಷ ನುಡಿಸಿದ್ದೀನಿ, ಇಲಿಗಳ ಯುದ್ಧ ಹೇಗಿರುತ್ತೆ ಅಂತ ಮೊಮ್ಮಗಳು ಹೇಳಿ ಗೊತ್ತಾಗಿದ್ದು ಅಂದಿದ್ದರು ನಮ್ಮ ಅಡ್ಮಿನ್. ಶುರುವಿನ ಪುಟ್ಟ ಓವರ್ಚರ್‌ನಲ್ಲಿ ಸೆಲ್ಲೊ, ಡಬಲ್ ಬೇಸ್‌ಗಳಿಗೆ ಒಂದು ಸ್ವರವೂ ಇಲ್ಲ. ಮಕ್ಕಳ ಲೋಕ ಹಗುರಾಗಿರಲಿ ಅಂತ ಚೈಕೋವ್‌ಸ್ಕಿ ಭಾರದ ವಾದ್ಯಗಳನ್ನೇ ತೆಗೆದುಬಿಟ್ಟಿದ್ದಾನೆ. ಅವರು ಸುಮ್ಮನೆ ಕೂತಿದ್ದರೆ ಪಿಟೀಲಿನವರು ಬಿಲ್ಲಿನ ತುದಿಯಲ್ಲಿ, ಪಿಸುಗುಟ್ಟೋ ಸದ್ದಿನಲ್ಲಿ ಓಡಬೇಕು. ಕೈ ಬೆಚ್ಚಗಾಗಿರೋದಿಲ್ಲ, ಒಬ್ಬರು ಎಡವಿದರೂ ಕೇಳುತ್ತೆ. ಮೊದಲ ಅಂಕದ ಕೊನೆಗೆ ಹಿಮ ಬೀಳುತ್ತೆ. ವೇದಿಕೆಗೆ ಸುರಿಯೋ ಕಾಗದದ ಹಿಮ ಗಾಳಿಗೆ ಗುಂಡಿಗೂ ಬಂದು ಬೀಳುತ್ತೆ, ಪಿಟೀಲಿನ ಒಳಗೂ ಹೋಗುತ್ತೆ. ಮಾರ್ಚ್ ತಿಂಗಳಲ್ಲಿ ಬೇರೇನೋ ನುಡಿಸ್ತಾ ಇರೋವಾಗ ತೂತಿನಿಂದ ಡಿಸೆಂಬರಿನ ಒಂದು ಚೂರು ಉದುರೋದುಂಟಂತೆ.

ನಮಗೆ ಪಿಟೀಲು ಅಂದ್ರೆ ಕಣ್ಣಿಗೆ ಬರೋದು ಬೇರೆ ಚಿತ್ರ. ಚಕ್ಕಳಮಕ್ಕಳ ಹಾಕಿ, ವಾದ್ಯದ ತುದಿಯನ್ನ ಪಾದಕ್ಕೆ ಊರಿ, ಹಾಡೋರ ಹಿಂದೆಯೇ ನೆರಳಿನ ಹಾಗೆ ನಡೆಯೋದು. ಮೈಸೂರಿನ ಚೌಡಯ್ಯನವರು ನಾಲ್ಕು ತಂತಿ ಸಾಲದು ಅಂತ ಏಳು ತಂತಿ ಹಾಕಿಕೊಂಡವರು. ಮಲ್ಲೇಶ್ವರದ ಕಡೆ ಪಿಟೀಲಿನ ಆಕಾರದಲ್ಲಿ ಅವರ ಹೆಸರಿನ ಸಭಾಂಗಣವೇ ಇದೆ. ಅದೇ ವಾದ್ಯ ಅಲ್ಲಿ ಇಪ್ಪತ್ತು ಜನ ಸೇರಿ ಒಂದೇ ಬಿಲ್ಲಿನ ಹಾಗೆ ಏಳಬೇಕು, ಇಳಿಯಬೇಕು. ಯಾರೊಬ್ಬರೂ ಬೇರೆಯಾಗಿ ಕೇಳಿಸಬಾರದು. ಕೇಳಿಸದೇ ಇರೋದೇ ಕೆಲಸ.

ಕೇಳಿಸದೇ ಇರೋರನ್ನ ತೆಗೆದುಹಾಕೋದು ಸುಲಭ. 1920ರ ದಶಕದಲ್ಲಿ ಅಮೆರಿಕದ ಪ್ರತಿ ಮೂಕಿ ಚಿತ್ರಮಂದಿರದಲ್ಲೂ ಪರದೆಯ ಮುಂದೆ ವಾದ್ಯದವರು ಇದ್ದರು. ಕೆಲವು ಕಡೆ ಒಂದು ಪಿಯಾನೊ, ದೊಡ್ಡ ಊರುಗಳಲ್ಲಿ ಪೂರ್ತಿ ಆರ್ಕೆಸ್ಟ್ರಾ. 1927ರಲ್ಲಿ ‘ಜಾಝ್ ಸಿಂಗರ್’ ಬಂತು, ಚಿತ್ರಗಳು ಮಾತಾಡಿದವು. ಮೂರ್ನಾಲ್ಕು ವರ್ಷದೊಳಗೆ ಸಾವಿರಾರು ಜನ ಬೀದಿಗೆ ಬಿದ್ದರು. ವಾದ್ಯಗಾರರ ಸಂಘ ಪತ್ರಿಕೆಗಳಲ್ಲಿ ದೊಡ್ಡ ದೊಡ್ಡ ಜಾಹೀರಾತು ಕೊಟ್ಟಿತು. ಅದರಲ್ಲಿ ಚಿತ್ರ ಯಾರದ್ದು ಗೊತ್ತಾ? ಒಂದು ರೋಬೋ. ಸಂಗೀತವನ್ನ ಡಬ್ಬಿಗೆ ತುಂಬೋ ಯಂತ್ರಮಾನವ ಬೇಡ ಅನ್ನೋರು ಈ ಕೂಪನ್ ಕತ್ತರಿಸಿ ಕಳಿಸಿ ಅಂತ. 1930ರ ಮಾತು ಇದು. ಬಹಳ ಜನ ಕಳಿಸಿದರು, ಮತ್ತೆ ಟಾಕಿಗೇ ಹೋದರು. 1942ರ ಆಗಸ್ಟಿನಲ್ಲಿ ಅದೇ ಸಂಘ, ಜೇಮ್ಸ್ ಪೆಟ್ರಿಲ್ಲೊ ನಾಯಕತ್ವದಲ್ಲಿ, ಇನ್ನು ರೆಕಾರ್ಡಿಂಗೇ ಮಾಡೋಲ್ಲ ಅಂತ ಹಟ ಹಿಡಿಯಿತು. ಎರಡು ವರ್ಷಕ್ಕೂ ಮೀರಿ ನಡೆದು, ಕೊನೆಯ ದೊಡ್ಡ ಕಂಪನಿಗಳು ಮಣಿದದ್ದು 1944ರ ನವೆಂಬರಿನಲ್ಲಿ. ಮುಂದಿನ ತಿಂಗಳೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೊದಲ ನಟ್‌ಕ್ರ್ಯಾಕರ್. ಎರಡಕ್ಕೂ ನೇರ ಸಂಬಂಧ ಇಲ್ಲ. ಆದರೆ ಸಿನಿಮಾ ಕಳೆದುಕೊಂಡ ವಾದ್ಯದವರಿಗೆ ಒಂದು ಹೊಸ ಗುಂಡಿ ಸಿಕ್ಕಿತು ಅನ್ನೋದು ನಿಜ.

1999ರ ಚಳಿಗಾಲದಲ್ಲಿ ಪ್ರಶ್ನೆ ಆ ಗುಂಡಿಗೂ ಬಂತು. ನ್ಯೂಯಾರ್ಕ್ ಸಿಟಿ ಬ್ಯಾಲೆಯ ವಾದ್ಯವೃಂದ ಮುಷ್ಕರ ಹೂಡಿತು. ಆಡಳಿತದವರು ನಟ್‌ಕ್ರ್ಯಾಕರ್ ನಿಲ್ಲಿಸಲಿಲ್ಲ, ರೆಕಾರ್ಡಿಂಗ್ ಹಾಕಿ ಕುಣಿಸಿದರು. ಒಳಗೆ ಸ್ಪೀಕರಿನಿಂದ ಚೈಕೋವ್‌ಸ್ಕಿ, ಹೊರಗೆ ಚಳಿಯಲ್ಲಿ ಅವನನ್ನ ನುಡಿಸಬೇಕಾದವರು. ನಾಲ್ಕು ವರ್ಷದ ಮೇಲೆ, 2003ರ ಮಾರ್ಚಿನಲ್ಲಿ, ಬ್ರಾಡ್‌ವೇ ನಾಟಕಗಳ ವಾದ್ಯದವರು ನಾಲ್ಕು ದಿನ ಕೆಲಸ ನಿಲ್ಲಿಸಿದರು. ಅಲ್ಲಿ ಜಗಳ ಇನ್ನೂ ನೇರ: ಒಂದು ರಂಗಮಂದಿರದಲ್ಲಿ ಕನಿಷ್ಠ ಎಷ್ಟು ಜನ ಇರಲೇಬೇಕು? ಸಂಖ್ಯೆ ಇಳಿಯಿತು, ಸೊನ್ನೆ ಆಗಲಿಲ್ಲ.

ಈಗ ನಾನು ಎತ್ತಿದ ಪ್ರಶ್ನೆ. ಸ್ಪೀಕರ್ ಸಾಕಲ್ವಾ? ಟೇಪ್ ಹಾಕೋರನ್ನ ನಾನು ಬೈಯಲ್ಲ. ಸಣ್ಣ ಊರಿನ ಶಾಲೆಗೆ ಆರ್ಕೆಸ್ಟ್ರಾದ ಖರ್ಚು ಹೊರೋಕಾಗಲ್ಲ, ಟೇಪ್ ಇಲ್ಲದಿದ್ದರೆ ಅಲ್ಲಿನ ಮಕ್ಕಳು ಕುಣಿಯೋದೇ ಇಲ್ಲ. ಜೊತೆಗೆ, ಹನ್ನೊಂದು ಜನ ಪಾಳಿಯಲ್ಲಿ ಮಾಡ್ತಿದ್ದ ಕೆಲಸವನ್ನ ನಾಲ್ಕು ಸ್ಕ್ರಿಪ್ಟಿಗೆ ಇಳಿಸಿ ಸಂಬಳ ತಗೊಳ್ಳೋ ನಾನು ಈ ವಿಷಯದಲ್ಲಿ ಪುರಾಣ ಹೇಳೋದು ಚೆನ್ನಾಗಿರಲ್ಲ. ಆದರೆ ಕೆಲಸ ಏನು ಅಂತ ಸರಿಯಾಗಿ ತಿಳಿದುಕೊಳ್ಳದೆ ಅದನ್ನ ಆಟೊಮೇಟ್ ಮಾಡಬಾರದು ಅನ್ನೋದು ನಮ್ಮ ಕಸುಬಿನ ಮೊದಲ ಪಾಠ. ಪಿಟ್‌ನ ಕೆಲಸ ಬರೆದಿರೋ ಸ್ವರಗಳನ್ನ ಸದ್ದು ಮಾಡೋದು ಅಂದ್ಕೊಂಡ್ರೆ ಸ್ಪೀಕರ್ ಸಾಕು.

ನಮ್ಮೂರಿನಲ್ಲಿ ವರ್ಷಕ್ಕೊಮ್ಮೆ ‘ಕುರುಕ್ಷೇತ್ರ’ ಪೌರಾಣಿಕ ನಾಟಕ ಆಡೋರು. ದುರ್ಯೋಧನ ರೇಷ್ಮೆ ಬೆಳೆಗಾರ, ಕೃಷ್ಣ ಪೋಸ್ಟ್‌ಮ್ಯಾನ್. ಎಲ್ಲ ಹಗಲು ಕೆಲಸ ಮುಗಿಸಿ ಬಂದು ಕಿರೀಟ ಇಟ್ಟುಕೊಳ್ಳೋರು. ಕೆಳಗೆ ಕೂತ ಹಾರ್ಮೋನಿಯಂ ಮೇಷ್ಟ್ರು ಬೇರೆ ಊರಿನಿಂದ ಬಂದವರು, ಆ ಇಡೀ ರಾತ್ರಿ ನಿಂತಿರೋದು ಅವರ ಮೇಲೆ. ದುರ್ಯೋಧನ ಕಂದ ಪದ್ಯವನ್ನ ಎರಡು ಮನೆ ಮೇಲೆ ಎತ್ತಿಕೊಂಡರೆ ಮೇಷ್ಟ್ರು ಅಲ್ಲಿಗೇ ಹೋಗೋರು. ಮಾತು ಮರೆತರೆ ಒಂದು ಸುತ್ತು ಜಾಸ್ತಿ ನುಡಿಸಿ ನೆನಪಾಗೋವರೆಗೆ ಕಾಯೋರು. ಒನ್ಸ್ ಮೋರ್ ಅಂದ್ರೆ ಹಿಂದಕ್ಕೆ. ಯಾರಿಗೂ ತಪ್ಪಾಗಿದ್ದೇ ಗೊತ್ತಾಗ್ತಿರಲಿಲ್ಲ.

ಪಿಟ್‌ನಲ್ಲಿ ವೇದಿಕೆ ಪೂರ್ತಿ ಕಾಣೋದು ಕಂಡಕ್ಟರ್‌ಗೆ ಮಾತ್ರ, ಮೇಷ್ಟ್ರ ಕೆಲಸ ಅವರದ್ದು. ಇವತ್ತಿನ ಮಿಠಾಯಿ ರಾಣಿ ನಿನ್ನೆಯವಳಲ್ಲ. ಒಬ್ಬಳು ಎತ್ತರ, ಜಿಗಿದರೆ ಗಾಳಿಯಲ್ಲಿ ಒಂದು ಕ್ಷಣ ಹೆಚ್ಚು ಇರ್ತಾಳೆ. ಇನ್ನೊಬ್ಬಳ ಕಾಲು ನೋಯ್ತಿದೆ, ತುದಿಗಾಲಲ್ಲಿ ನಿಲ್ಲೋ ಹೊತ್ತು ಕಡಿಮೆ. ಬಾಲಕನೊಬ್ಬ ಜಾರಿ ಬಿದ್ದ, ಅವನು ಎದ್ದು ಜಾಗಕ್ಕೆ ಬರೋವರೆಗೆ ಆ ಸ್ವರವನ್ನ ಕೂದಲೆಳೆಯಷ್ಟು ಎಳೀಬೇಕು. ಕಂಡಕ್ಟರ್ ಕೋಲು ಅಷ್ಟು ನಿಧಾನಿಸುತ್ತೆ, ವೇದಿಕೆ ಕಾಣದ ಪಿಟೀಲುಗಳು ಕಾರಣ ಗೊತ್ತಿಲ್ಲದೆಯೂ ನಿಧಾನಿಸ್ತವೆ. ರೆಕಾರ್ಡಿಂಗ್ ಎದುರು ಬಿದ್ದ ಹುಡುಗ ಓಡಿ ಹಿಡ್ಕೋಬೇಕು. ಟೇಪ್ ನಿಲ್ಲೋದಿಲ್ಲ.

ಬ್ಯಾಲನ್‌ಶೀನ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಅವನ ಅಪ್ಪ ಸಂಗೀತ ಸಂಯೋಜಕ, ಅವನೂ ಸಂಗೀತ ಓದಿದವನು. ಅವನ ನಟ್‌ಕ್ರ್ಯಾಕರ್‌ನಲ್ಲಿ ಚೈಕೋವ್‌ಸ್ಕಿಯ ಮೂಲದಲ್ಲಿಲ್ಲದ ಒಂದು ಜಾಗ ಇದೆ, ಅದು ಒಂಟಿ ಪಿಟೀಲಿನದು. ಅದರ ಹಿಂದೊಂದು ಕತೆ. ಸಾಮ್ರಾಟರ ಬ್ಯಾಲೆ ಆರ್ಕೆಸ್ಟ್ರಾದ ಸೋಲೊ ಪಿಟೀಲುಗಾರ ಲಿಯೊಪೋಲ್ಡ್ ಆವರ್. ಚೈಕೋವ್‌ಸ್ಕಿ ತನ್ನ ಪಿಟೀಲು ಕಾಂಚೆರ್ಟೊವನ್ನ ಮೊದಲು ಅರ್ಪಿಸಿದ್ದು ಇವನಿಗೆ. ಆವರ್ ನುಡಿಸೋಕೆ ಹಿಂಜರಿದ, ಕೊನೆಗೆ ಬ್ರಾಡ್‌ಸ್ಕಿ ಅನ್ನೋನು 1881ರಲ್ಲಿ ವಿಯೆನ್ನಾದಲ್ಲಿ ಅದನ್ನ ಮೊದಲು ನುಡಿಸಿದ. ಮನಸ್ಸು ಮುರಿದಿದ್ದರೂ ಚೈಕೋವ್‌ಸ್ಕಿ 1890ರ ‘ಸ್ಲೀಪಿಂಗ್ ಬ್ಯೂಟಿ’ಯಲ್ಲಿ ಎರಡು ದೃಶ್ಯಗಳ ನಡುವೆ ಆವರ್‌ಗಾಗಿ ಒಂದು ಉದ್ದದ ಪಿಟೀಲು ಸೋಲೊ ಬರೆದ. ದೃಶ್ಯ ಬದಲಾಯಿಸೋ ಹೊತ್ತು ತುಂಬೋ ಸಂಗೀತ ತಾನೇ, ಹೆಚ್ಚಿನ ಪ್ರದರ್ಶನಗಳಲ್ಲಿ ಅದನ್ನ ಬಿಟ್ಟುಬಿಡ್ತಾರೆ. ಆವರ್ 1918ರಲ್ಲಿ ಅಮೆರಿಕಕ್ಕೆ ಬಂದು ನೆಲೆಸಿದ, 1930ರಲ್ಲಿ ತೀರಿಕೊಂಡ. ಹೈಫೆಟ್ಜ್, ಮಿಲ್‌ಸ್ಟೀನ್ ಅಂಥವರ ಗುರು ಅವನು.

ಬ್ಯಾಲನ್‌ಶೀನ್ ಆ ಬಿಟ್ಟ ತುಣುಕನ್ನ ಎತ್ತಿ ನಟ್‌ಕ್ರ್ಯಾಕರ್ ಮೊದಲ ಅಂಕದ ನಡುವೆ ಇಟ್ಟ. ಹಬ್ಬಕ್ಕೆ ಬಂದ ನೆಂಟರೆಲ್ಲ ಹೋಗಿದ್ದಾರೆ. ಹುಡುಗಿ ಕೆಳಗಿಳಿದು ಬಂದು ಗೊಂಬೆ ತಬ್ಬಿಕೊಂಡು ಸೋಫಾ ಮೇಲೆ ನಿದ್ದೆ ಹೋಗ್ತಾಳೆ, ಅಮ್ಮ ಹುಡುಕಿಕೊಂಡು ಬಂದು ಶಾಲು ಹೊದಿಸ್ತಾಳೆ. ನಾಟ್ಯ ಇಲ್ಲ, ಯಾರೂ ಜಿಗಿಯೋದಿಲ್ಲ. ವೇದಿಕೆ ಮೇಲೆ ಒಂದು ಮಗು ಮಲಗಿದೆ, ಕೆಳಗೆ ಒಂದು ಪಿಟೀಲು ನುಡೀತಿದೆ. ಕಿವಿಗೊಟ್ಟು ಕೇಳಿದರೆ ಸ್ವಲ್ಪ ಹೊತ್ತಿನಲ್ಲಿ ಬರೋ ಮರ ಬೆಳೆಯೋ ಸಂಗೀತದ ನೆರಳು ಇದರಲ್ಲೇ ಸಿಗುತ್ತೆ. ಆಮೇಲೆ ಗಡಿಯಾರ ಹನ್ನೆರಡು ಹೊಡೆದು, ಇಪ್ಪತ್ತೂ ಪಿಟೀಲು ಸೇರಿ ಮೆಟ್ಟಿಲು ಹತ್ತೋಕೆ ಶುರು ಮಾಡ್ತವೆ, 41 ಅಡಿ ಎತ್ತರಕ್ಕೆ ಮರ ಏಳುತ್ತೆ. ಆನ್‌ಸೈಟ್ ಇದ್ದಾಗ ನಾನು ನೋಡಿದ್ದು ಬಾಲ್ಕನಿಯ ಕೊನೇ ಸಾಲಿನಿಂದ. ಟಿಕೆಟ್ ದರ ನೋಡಿ ಅಲ್ಲೇ ಸಾಕು ಅನ್ನಿಸಿತ್ತು. ಅಲ್ಲಿಂದ ಒಂದು ಲಾಭ: ಪಿಟ್ ಪೂರ್ತಿ ಕಾಣುತ್ತೆ. ಸೋಲೊ ನುಡೀವಾಗ ಉಳಿದ ಪಿಟೀಲಿನವರು ಬಿಲ್ಲು ತೊಡೆ ಮೇಲಿಟ್ಟು ತಲೆ ಸ್ವಲ್ಪ ಬಗ್ಗಿಸಿ ಕೇಳ್ತಾ ಕೂತಿದ್ದರು. ಆ ವರ್ಷ ಅವರಿಗದು ಮೂವತ್ತನೇ ಸಲವೋ ಏನೋ.

2020ರ ಡಿಸೆಂಬರಿನಲ್ಲಿ ಎಲ್ಲ ನಿಂತಿತು. ಕೋವಿಡ್. ನ್ಯೂಯಾರ್ಕ್ ಸಿಟಿ ಬ್ಯಾಲೆ ಸೇರಿದ ಹಾಗೆ ದೊಡ್ಡ ತಂಡಗಳು ನಟ್‌ಕ್ರ್ಯಾಕರ್ ರದ್ದು ಮಾಡಿದವು, ಬಹಳ ಕಡೆ ಹಳೇ ರೆಕಾರ್ಡಿಂಗ್ ಆನ್‌ಲೈನ್ ಬಂತು. ಕೂತಷ್ಟು ಸಲಕ್ಕೆ ಲೆಕ್ಕ ಇದ್ದೋರಿಗೆ ಆ ವರ್ಷ ಸುಗ್ಗಿಯೇ ಇಲ್ಲ. ಮರುವರ್ಷ ನ್ಯೂಯಾರ್ಕಿನಲ್ಲಿ ಶುರುವಾದಾಗ ಹನ್ನೆರಡರ ಕೆಳಗಿನ ಮಕ್ಕಳಿಗೆ ಲಸಿಕೆ ಬಂದು ಬಹಳ ದಿನ ಆಗಿರಲಿಲ್ಲ, ಹಾಗಾಗಿ ಹನ್ನೆರಡು ತುಂಬಿದವರನ್ನಷ್ಟೇ ಆರಿಸಿದರು. ಪುಟ್ಟ ಮಕ್ಕಳ ವೇಷಗಳನ್ನ ಉದ್ದದ ಮಕ್ಕಳಿಗೆ ಬಿಚ್ಚಿ ಹೊಲಿಯಬೇಕಾಯಿತು.

ನಮ್ಮ ಅಡ್ಮಿನ್ ಸಾಹೇಬರ ಊರಿನಲ್ಲೂ 2021ರಲ್ಲಿ ಮತ್ತೆ ಶುರುವಾಯಿತು. ಮೊದಲ ರಿಹರ್ಸಲ್‌ನಲ್ಲಿ ಲೈಬ್ರರಿಯಿಂದ ಎರಡನೇ ಪಿಟೀಲಿನ ಕಡತ ತಂದು ಬಿಚ್ಚಿದಾಗ, ಅಂಚುಗಳಲ್ಲಿ ಹಿಂದಿನವರು ಪೆನ್ಸಿಲ್‌ನಲ್ಲಿ ಗೀಚಿದ್ದೆಲ್ಲ ಹಾಗೇ ಇತ್ತಂತೆ. ಇಲ್ಲಿ ಬಿಲ್ಲು ಮೇಲಕ್ಕೆ, ಇಲ್ಲಿ ನಿಧಾನ, ಇಲ್ಲಿ ಬೇಗ ಹಾಳೆ ತಿರುಗಿಸು. ಪ್ರತಿ ವರ್ಷದ ಕೊನೇ ಶೋ ಮುಗಿದ ಮೇಲೆ ಕೊನೇ ಹಾಳೆಯ ಕೆಳಗೆ ಯಾರೋ ಒಬ್ಬರು ವರ್ಷ ಬರೆಯೋ ಪದ್ಧತಿ ಅವರಲ್ಲಿ. ಸಾಲಾಗಿ ಇಳಿದು ಬಂದ ಅಂಕಿಗಳು 2019ಕ್ಕೆ ನಿಂತಿದ್ದವು. ಪಕ್ಕದ ಸ್ಟ್ಯಾಂಡಿನ ಹೆಂಗಸು ಪೆನ್ಸಿಲ್ ತಗೊಂಡು 2020 ಅಂತ ಬರೆದು, ಅದರ ಮೇಲೆ ಸಂಗೀತ ಲಿಪಿಯಲ್ಲಿ ವಿರಾಮಕ್ಕೆ ಹಾಕೋ ಗುರುತನ್ನ ಹಾಕಿ, ಪೆನ್ಸಿಲನ್ನ ಸ್ಟ್ಯಾಂಡಿನ ಮೇಲಿಟ್ಟು, ಪಿಟೀಲು ಗಲ್ಲಕ್ಕೆ ಒತ್ತಿಕೊಂಡರಂತೆ.